ಒಂದೇ ನೀಲಿಯ ಹತ್ತು ಗುರುತು

ಕಾಲೇಜಿನಲ್ಲಿ ಏನು ಓದುತ್ತಿ ಎಂದು ಊರಲ್ಲಿ ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಲೆ ಮತ್ತು ಗ್ರಾಫಿಕ್ ಡಿಸೈನ್ ಎಂದು ಹೇಳಿದರೆ, “ಅಂದ್ರೆ ಬ್ಯಾನರ್ ಮಾಡೂದಾ?” ಎಂಬುದು ಮೊದಲ ಪ್ರಶ್ನೆ. “ನಮ್ಮನೆ ಹುಡ್ಗನ ಹುಟ್ಟಿದ ದಿನಕ್ಕೆ ಒಂದು ಮಾಡಿಕೊಡ್ತ್ಯಾ?” ಎಂಬುದು ಎರಡನೆಯದು. ಹಾರವಾಡದ ಸಮುದ್ರದ ಕಡೆಯ ಓಣಿಯಲ್ಲಿ ನಾನು ಮಾಡಿದ ಬ್ಯಾನರ್ ಕಟ್ಟದ ಮನೆ ಇಲ್ಲ. ಒಂದರಲ್ಲಿ ಹುಡುಗನ ಫೋಟೊದ ಸುತ್ತ ಶುಭ ಕೋರುವವರ ಮೂವತ್ತೊಂದು ಮುಖಗಳಿದ್ದವು. ನಾಲ್ಕೈದು ಕಡಿಮೆ ಮಾಡೋಣ, ಸ್ವಲ್ಪ ಖಾಲಿ ಜಾಗ ಬೇಕು ಎಂದದ್ದಕ್ಕೆ ಹುಡುಗನ ಅಜ್ಜಿ, “ಯಾರ್ದು ತೆಗೀತೆ? ಹೆಸ್ರು ಹೇಳು ನೋಡ್ವ,” ಎಂದು ನನ್ನನ್ನೇ ದುರುಗುಟ್ಟಿ ನೋಡಿದಳು. ಮೂವತ್ತೊಂದೂ ಉಳಿದವು.

ಕಾಲೇಜು ಇದ್ದದ್ದು ಕಾರವಾರದಲ್ಲಿ. ಕಾಲೇಜು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡು ಮಹಡಿ, ಒಂಬತ್ತು ಕೋಣೆ, ತೆಂಗಿನ ಮರಗಳ ನಡುವೆ ಬೈಕು ನಿಲ್ಲಿಸುವ ಜಾಗ. ಸಾಹಿತ್ಯ, ಇತಿಹಾಸ, ಮನಃಶಾಸ್ತ್ರ, ಅವುಗಳ ಜೊತೆಗೆ ನಮ್ಮ ವಿಷಯ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತರೆ ವಿದ್ಯಾರ್ಥಿ ಪೂರ್ಣ ಮನುಷ್ಯನಾಗುತ್ತಾನೆ ಎಂದು ಪ್ರವೇಶದ ಪುಸ್ತಿಕೆಯಲ್ಲಿ ಬರೆದಿದ್ದರು. ನಮ್ಮ ವಿಭಾಗದ ಮಟ್ಟಿಗೆ ‘ಸ್ವಲ್ಪ’ ಎಂಬುದಷ್ಟೇ ನಿಜವಾಯಿತು. ಮೊದಲ ವರ್ಷ ಹನ್ನೊಂದು ಜನ ಸೇರಿದ್ದೆವು, ಕೊನೆಯ ವರ್ಷಕ್ಕೆ ಆರು ಜನ ಉಳಿದೆವು. ಬಿಟ್ಟು ಹೋದವರು ಬುದ್ಧಿವಂತರು ಎಂದು ಉಳಿದ ಆರೂ ಜನ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದೆವು.

ಚಿತ್ರ ಬಿಡಿಸಲು ನಮಗಿದ್ದದ್ದು ಒಂದು ಪ್ಲಾಸ್ಟರ್ ತಲೆ, ಅದಕ್ಕೆ ಮೂಗಿರಲಿಲ್ಲ. ನಾವು ಬರುವ ಮೊದಲೇ ಯಾರೋ ಬೀಳಿಸಿದ್ದರು. ಇಡೀ ವರ್ಷ ಅದನ್ನೇ ಎಡದಿಂದ, ಬಲದಿಂದ, ಕೆಳಗಿನಿಂದ ಬಿಡಿಸಿದೆವು. ನನ್ನ ಪುಸ್ತಕ ತಿರುವಿ ಹಾಕಿದ ನನ್ನ ಅಮ್ಮ, ಅಂದರೆ ಆಯಿ, “ಇವಂಗೆ ಎಂತ ಆಗದೆ ಮಗಾ? ಡಾಕ್ಟ್ರ ಹತ್ರ ಹೋಗ್ಲಿಲ್ವ?” ಎಂದು ಕೇಳಿದಳು. ಜೂನ್ ಬಂತೆಂದರೆ ಇನ್ನೊಂದು ಗೋಳು. ಜಲವರ್ಣ ಒಣಗುವುದೇ ಇಲ್ಲ. ಬೆಳಿಗ್ಗೆ ಬಳಿದ ಆಕಾಶ ಸಂಜೆಯ ಹೊತ್ತಿಗೆ ಇಳಿದು ಬಂದು ಗುಡ್ಡದ ಮೇಲೆ ಕೂತಿರುತ್ತಿತ್ತು. ಡ್ರಾಯಿಂಗ್ ಶೀಟು ಹಪ್ಪಳದ ಹಾಗೆ ಡೊಂಕಾಗುತ್ತಿತ್ತು. ಉಪ್ಪು ಗಾಳಿಗೆ ಕಂಪ್ಯೂಟರುಗಳ ಹೊಟ್ಟೆಯಲ್ಲಿ ತುಕ್ಕು. ಆರರಲ್ಲಿ ನಾಲ್ಕು ಓಡುತ್ತಿದ್ದವು, ಅದರಲ್ಲಿ ಒಂದರ ಪರದೆಗೆ ಕಾಮಾಲೆ. ಅದರಲ್ಲಿ ಬಿಳಿ ಎಂದು ಆರಿಸಿದ್ದು ಹಳದಿಯಾಗಿ ಕಾಣುತ್ತಿತ್ತು. ನನ್ನ ಪಾಳಿಗೆ ಬರುತ್ತಿದ್ದದ್ದು ಯಾವಾಗಲೂ ಅದೇ, ಯಾಕೆಂದರೆ ಅವರ್ಸಾದಿಂದ ನಾನು ಹತ್ತುವ ಬಸ್ಸು ಬಿಣಗಾ ದಾಟುವಷ್ಟರಲ್ಲಿ ಉಳಿದ ಐವರು ಒಳ್ಳೆಯವನ್ನು ಹಿಡಿದು ಕೂತಿರುತ್ತಿದ್ದರು.

ಡಿಸೈನ್ ಕಲಿಸುತ್ತಿದ್ದ ಸರ್ ಧಾರವಾಡದ ಕಡೆಯವರು. ಎಲ್ಲೋ ದೊಡ್ಡ ಊರಿನ ಜಾಹೀರಾತು ಕಂಪನಿಯಲ್ಲಿ ಬಹಳ ವರ್ಷ ದುಡಿದು ಬಂದವರಂತೆ. ಕೆಟ್ಟವರಲ್ಲ. ನಮಗೆ ಅಕ್ಷರಗಳನ್ನು ನೋಡುವುದನ್ನು ಕಲಿಸಿದ್ದು ಅವರೇ, ಅದನ್ನು ಇಲ್ಲವೆನ್ನಲಾರೆ. ಆದರೆ ಅವರಿಗೆ ಇದ್ದದ್ದು ಒಂದೇ ಮಂತ್ರ: “ಒಂದ ಬಣ್ಣ, ಒಂದ ದಪ್ಪ, ಒಂದ ಮನಸ್ಸು.” ಒಂದು ಕೆಲಸದಲ್ಲಿ ಎಷ್ಟು ಚಿತ್ರಗಳಿದ್ದರೂ ಅವೆಲ್ಲ ಒಂದೇ ಮನೆಯ ಮಕ್ಕಳ ಹಾಗೆ ಕಾಣಬೇಕು. ಗೆರೆಯ ದಪ್ಪ ಒಂದು ಕೂದಲಷ್ಟು ಹೆಚ್ಚಾದರೂ ಕೆಂಪು ಪೆನ್ನು ಹೊರಬರುತ್ತಿತ್ತು. ಎರಡಕ್ಕಿಂತ ಹೆಚ್ಚು ಬಣ್ಣ ಕಂಡರೆ ಮುಖ ಕಿವುಚಿ, “ಇದೇನವಾ, ಸಂತಿ ಮಾಡಿಟ್ಟೀಯಲ್ಲ,” ಅನ್ನುತ್ತಿದ್ದರು. ನಾನು ಹುಟ್ಟಿದ್ದೇ ಸಂತೆಯಲ್ಲಿ ಮೀನು ಮಾರುವವಳ ಹೊಟ್ಟೆಯಲ್ಲಿ. ಆ ಮಾತು ಕೇಳಿದಾಗಲೆಲ್ಲ ಎದ್ದು ಹೋಗಬೇಕು ಅನ್ನಿಸುತ್ತಿತ್ತು, ಹಾಜರಿಗಾಗಿ ಕೂತಿರುತ್ತಿದ್ದೆ.

ಕೊನೆಯ ವರ್ಷ ಒಂದು ದೊಡ್ಡ ಕೆಲಸ ಮಾಡಬೇಕು. ಯಾವುದಾದರೂ ಒಂದು ಸಂಸ್ಥೆಗೋ ಗುಂಪಿಗೋ ಗುರುತಿನ ಚಿಹ್ನೆಗಳನ್ನು ರಚಿಸಿ, ಅವು ಬಳಕೆಯಲ್ಲಿರುವುದನ್ನು ತೋರಿಸಿ, ಹೊರಗಿನ ಪರೀಕ್ಷಕರ ಮುಂದೆ ವಿವರಿಸಬೇಕು. ವರ್ಷದ ಅಂಕಗಳಲ್ಲಿ ಅರ್ಧ ಅದರದ್ದೇ. ಮೊದಲ ದರ್ಜೆ ಬಂದರೆ ಮುಂದೆ ಓದಲು ನಾನು ಅರ್ಜಿ ಹಾಕಿದ್ದ ಕಡೆ ಸೀಟು, ಇಲ್ಲದಿದ್ದರೆ ಓಣಿಯ ಬ್ಯಾನರುಗಳು. ಹಾಗಾಗಿ ನನ್ನ ಜೀವವೆಲ್ಲ ಅದರ ಮೇಲೇ ಇತ್ತು. ಉಳಿದ ಐವರೂ ಎಲ್ಲೂ ಇಲ್ಲದ ಐದು ಕಾಫಿ ಅಂಗಡಿಗಳಿಗೆ ಹೆಸರಿಟ್ಟು ಕಪ್ಪಿನ ಮೇಲೆ ಹೊಗೆ ಬಿಡಿಸತೊಡಗಿದರು. ನಾನು ಬೈತಖೋಲಕ್ಕೆ ಹೋದೆ.

ಕಾರವಾರ ಬಂದರಿನ ಬೈತಖೋಲದಲ್ಲಿ, ಟ್ರಾಲರುಗಳು ಮೀನು ಇಳಿಸುವ ಧಕ್ಕೆಯಲ್ಲಿ, ಆಯಿ ಇಪ್ಪತ್ತು ವರ್ಷದಿಂದ ಮೀನು ಕೊಳ್ಳುತ್ತಾಳೆ. ಹಾರವಾಡ, ಅವರ್ಸಾ ಕಡೆಯ ಹತ್ತು ಹೆಂಗಸರು ಸೇರಿ ಒಂದು ಟೆಂಪೋ ಗೊತ್ತು ಮಾಡಿಕೊಂಡಿದ್ದಾರೆ. ನಸುಕಿಗೆ ಹೋಗಿ ಹರಾಜಿನಲ್ಲಿ ಕೊಂಡು, ಒಟ್ಟಿಗೆ ಹೇರಿಕೊಂಡು ಬಂದು, ಕೆಲವರು ಅವರ್ಸಾದಲ್ಲಿ ಇಳಿದು ಮನೆಮನೆಗೆ ಮಾರುತ್ತಾರೆ, ಉಳಿದವರು ಅಂಕೋಲಾ ಪೇಟೆಯಲ್ಲಿ ಕೂರುತ್ತಾರೆ. ಧಕ್ಕೆಯಲ್ಲಿ ಒಂದು ಪದ್ಧತಿ ಇದೆ. ಟ್ರಾಲರಿನಿಂದ ಇಳಿಸಿದ ಮೀನನ್ನು ರಾಶಿ ಹಾಕುತ್ತಾರೆ, ಕೂಗುವವನು ಕೂಗುತ್ತಾನೆ, ಹೆಂಗಸರು ಹುಬ್ಬಿನಲ್ಲಿ, ಗಲ್ಲದಲ್ಲಿ ಉತ್ತರ ಕೊಡುತ್ತಾರೆ. ಕೂಗು ನಿಂತ ಕೂಡಲೇ ಗೆದ್ದವಳು ತನ್ನ ಖಾಲಿ ಕ್ರೇಟನ್ನು ರಾಶಿಯ ಮೇಲೆ ಇಡುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಚೀಟಿ ಇಲ್ಲ, ಸಹಿ ಇಲ್ಲ. ಕ್ರೇಟು ಯಾರದೋ ರಾಶಿ ಅವರದು. ಆಮೇಲೆ ಅವಳು ಚಾ ಕುಡಿಯಲು ಹೋಗಲಿ, ಇನ್ನೊಂದು ಹರಾಜಿಗೆ ಓಡಲಿ, ತುಂಬುವವರು ಅವಳ ಕ್ರೇಟು ತುಂಬಿ, ಮೇಲೆ ಐಸ್ ಮುಚ್ಚಿ ಬದಿಗಿಡುತ್ತಾರೆ. ಇನ್ನೊಬ್ಬಳ ಕ್ರೇಟಿಗೆ ಕೈ ಹಾಕುವುದಕ್ಕಿಂತ ದೊಡ್ಡ ತಪ್ಪು ಅಲ್ಲಿಲ್ಲ. ಗೊತ್ತಾಗಲಿಲ್ಲ ಎಂಬ ನೆಪವನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ತನ್ನ ಕ್ರೇಟಿಗೆ ಗುರುತು ಕಟ್ಟಿದ್ದು ಅವಳದೇ ಕೈ.

ಕ್ರೇಟುಗಳೆಲ್ಲ ಒಂದೇ ಅಂಗಡಿಯವು, ಒಂದೇ ಬಣ್ಣದ ಪ್ಲಾಸ್ಟಿಕ್. ಆಯಿ ತನ್ನದಕ್ಕೆ ಹಳೆಯ ಸೀರೆಯ ಹಸಿರು ಅಂಚನ್ನು ಮೂರು ಸುತ್ತು ಸುತ್ತಿದ್ದಳು. ಅವಳ ಪಕ್ಕದಲ್ಲೇ ಇಪ್ಪತ್ತು ವರ್ಷ ನಿಂತ, ಇಡೀ ಓಣಿ ಮಾವಶಿ ಎಂದು ಕರೆಯುವ ಹೆಂಗಸಿನದಕ್ಕೆ ಕಿತ್ತಳೆ ಬಣ್ಣದ ಬಲೆಯ ಹಗ್ಗ, ಅದಕ್ಕೊಂದು ದಪ್ಪ ಗಂಟು. ಒಬ್ಬಳು ಮೊಮ್ಮಗುವಿನ ಸ್ವೆಟರಿನ ತೋಳು ಕಟ್ಟಿದ್ದಳು. ಇನ್ನೊಬ್ಬಳು ಕಾದ ಸೌಟಿನಿಂದ ಮೂಲೆ ಸುಟ್ಟಿದ್ದಳು. ಮತ್ತೊಬ್ಬಳು ಉಗುರಿನ ಬಣ್ಣದಲ್ಲಿ ಚುಕ್ಕೆ ಇಟ್ಟು ಸಾಲದೆಂದು ಹಿಡಿಕೆಗೆ ಹಲ್ಲಿಲ್ಲದ ಬಾಚಣಿಗೆ ಬಿಗಿದಿದ್ದಳು. ನಸುಕಿನ ಮಬ್ಬಿನಲ್ಲಿ ಬರೀ ಕೈಯಾಡಿಸಿದರೂ ತಮ್ಮದು ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು. ನನಗೆ ಮಾತ್ರ ಇದೆಲ್ಲ ಗಲೀಜಾಗಿ ಕಂಡಿತು. ಮೂರು ವರ್ಷದ ಓದು ಅಷ್ಟನ್ನು ಮಾಡಿತ್ತು.

ಈ ಹತ್ತು ಜನರಿಗೆ ಹತ್ತು ಚಿಹ್ನೆ ಮಾಡಿ, ನೀರು ತಾಗಿದರೂ ಹೋಗದ ಸ್ಟಿಕರ್ ಅಂಟಿಸುತ್ತೇನೆ ಎಂದೆ. ಹೆಂಗಸರು ನಕ್ಕರು. “ಈ ಚಿಂದಿ ಬಟ್ಟೆ ಚಂದ ಇಲ್ವ ಅಂತೆ,” ಎಂದು ಒಬ್ಬಳು ಛೇಡಿಸಿದಳು. ಮಾವಶಿ ಮಾತ್ರ ಆಯಿಯ ಮುಖ ನೋಡಿ, “ಹುಡ್ಗಿ ಪರೀಕ್ಷೆಗೆ ಹೇಳಿ ಅಲ್ವನೇ? ಅಂಟ್ಸ್ಲಿ ಬಿಡು. ನಮ್ಗೆಂತ ಹೋಗೂದು,” ಅಂದರು. ಅಷ್ಟೇ. ಅವರ ಒಪ್ಪಿಗೆ ಒಂದು ಚಾ ಕುಡಿಯುವಷ್ಟರಲ್ಲಿ ಸಿಕ್ಕಿತು. ಸರ್ ಅವರ ಒಪ್ಪಿಗೆಗೆ ಎರಡು ತಿಂಗಳು ಬೇಕಾಯಿತು.

ಇದನ್ನು ಒತ್ತಿ ಹೇಳಬೇಕು: ನಾನು ಮೊದಲು ಮಾಡಿದವು ಒಂದೇ ನಮೂನೆ ಇರಲಿಲ್ಲ. ನನ್ನ ಮೊದಲ ಹತ್ತು ಚಿಹ್ನೆಗಳಲ್ಲಿ ಒಂದು ಚೌಕ, ಒಂದು ಉದ್ದ ಪಟ್ಟಿ, ಒಂದು ಮುಕ್ಕೋನ. ಒಂದು ಕೆಂಪು, ಒಂದು ಹಳದಿ, ಒಂದಕ್ಕೆ ಬರೀ ಗೀಟು. ಎಷ್ಟೇ ಆದರೂ ಆ ಹೆಂಗಸರ ನಡುವೆ ಬೆಳೆದವಳು. ಸರ್ ಕನ್ನಡಕ ಹಣೆಗೇರಿಸಿ ನೋಡಿದರು, ಕೆಂಪು ಪೆನ್ನು ಎತ್ತಿದರು. “ಸಂತಿ,” ಅಂದರು. ನಾನು ವಾದ ಮಾಡಿದೆ. “ಸರ್, ಅಲ್ಲಿ ಬೇರೆ ಬೇರೆ ಕಾಣಬೇಕು.” “ಬೇರೆ ಕಾಣಲಿಕ್ಕೆ ಒಳಗಿನ ಚಿತ್ರ ಐತಲ್ಲವಾ. ಹೊರಗಿನ ಆಕಾರ, ಬಣ್ಣ, ಗೆರಿ ಒಂದ ಇರಬೇಕು. ಇಲ್ಲಾಂದ್ರ ಇದು ಡಿಸೈನ್ ಅಲ್ಲ, ರಂಗೋಲಿ.” ಎರಡನೇ ಸಲ ಬಣ್ಣ ಮೂರಕ್ಕೆ ಇಳಿಸಿಕೊಂಡು ಹೋದೆ. ಮತ್ತೆ ಸಂತೆ. ಮೂರನೇ ಸಲ ಸಿಟ್ಟಿನಲ್ಲಿ, ತಗೊಳ್ಳಿ ನಿಮ್ಮ ಒಂದ ಬಣ್ಣ ಎಂದು ಮನಸ್ಸಿನಲ್ಲೇ ಬೈದುಕೊಂಡು, ಹತ್ತನ್ನೂ ಒಂದೇ ಅಳತೆಯ ವೃತ್ತದಲ್ಲಿ, ಒಂದೇ ಗಾಢ ನೀಲಿಯಲ್ಲಿ, ಒಂದೇ ದಪ್ಪದ ಗೆರೆಯಲ್ಲಿ ಕೂರಿಸಿದೆ. ಮೀನು, ದೋಣಿ, ಅಲೆ, ಲಂಗರು, ಏಡಿ, ನಕ್ಷತ್ರ, ಬಲೆ, ಹುಟ್ಟು. ಆಯಿಗೆ ಚಿಪ್ಪು. ಮಾವಶಿಗೆ ಚಂದ್ರ.

ಸರ್ ಬಹಳ ಹೊತ್ತು ನೋಡಿದರು. “ಈಗ ನೋಡವಾ, ಹೆಂಗ ಉಸಿರಾಡಾಕತ್ತಾವು,” ಅಂದರು. ನಾಚಿಕೆಯ ಮಾತೆಂದರೆ ನನಗೂ ಚಂದ ಕಂಡವು. ಸಿಟ್ಟಿನಲ್ಲಿ ಮಾಡಿದ್ದು ಅಷ್ಟು ಚಂದ ಬಂದದ್ದು ನೋಡಿ ನಾನೇ ಮೊಬೈಲಿನ ಪರದೆಗೆ ಹಾಕಿಕೊಂಡೆ. ಸ್ಟಿಕರ್ ಅಚ್ಚು ಹಾಕಿಸಿ, ಒಂದು ಮಧ್ಯಾಹ್ನ ಕ್ರೇಟುಗಳನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದು, ಚಿಂದಿ, ಹಗ್ಗ, ಬಾಚಣಿಗೆ ಎಲ್ಲ ಬಿಚ್ಚಿ ಒಂದು ಚೀಲದಲ್ಲಿ ತುಂಬಿಟ್ಟು, ಅಂಟಿಸಿದೆ. ಸುಟ್ಟ ಮೂಲೆಯ ಮೇಲೂ ಒಂದು ಸ್ಟಿಕರ್ ಮುಚ್ಚಿದೆ. ಒಳ್ಳೆಯ ಬಿಸಿಲಿತ್ತು. ನೂರಾರು ಫೋಟೊ ತೆಗೆದೆ. ಒಂದು ಫೋಟೊದಲ್ಲೂ ಮೀನಿರಲಿಲ್ಲ.

ಸ್ಟಿಕರ್ ಅಂಟಿಸಿದ ಎರಡನೇ ವಾರದ ಭಾನುವಾರ ನಾನು ಅಂಕೋಲಾ ಪೇಟೆಯಲ್ಲಿ ಆಯಿಯ ಪಕ್ಕ ಕೂತು ಮಾರಲು ಸಹಾಯ ಮಾಡುತ್ತಿದ್ದೆ. ಕ್ರೇಟಿನ ಮೇಲಿನ ಐಸ್ ಸರಿಸಿದಾಗ ಕೆಳಗೆ ಒಳ್ಳೆಯ ದೊಡ್ಡ ಬಂಗಡೆ. ಆಯಿ ಕೊಂಡ ರಾಶಿಯಲ್ಲಿ ಸಣ್ಣದೂ ದೊಡ್ಡದೂ ಬೆರೆತಿದ್ದವಂತೆ. “ತುಂಬೋರು ಇವತ್ತು ಆರಿಸಿ ದೊಡ್ಡದೇ ಹಾಕಿದ್ರು ನೋಡು,” ಎಂದು ಖುಷಿಪಟ್ಟಳು. ಹತ್ತೂವರೆಯ ಹೊತ್ತಿಗೆ ಮುಕ್ಕಾಲು ಖಾಲಿಯಾಗಿತ್ತು. ಆಗ ಅವರ್ಸಾದಿಂದ ಬಸ್ಸು ಹತ್ತಿ ಮಾವಶಿ ಬಂದರು. ತಲೆಯ ಮೇಲೆ ಕ್ರೇಟು. ಅದನ್ನು ನಮ್ಮ ಮುಂದೆ ಇಳಿಸಿದರು. ಒಳಗೆ ಕೈಬೆರಳಿನಷ್ಟುದ್ದದ ಬಂಗಡೆ, ಹೊಟ್ಟೆ ಒಡೆದವು.

“ನಿನ್ನ ಕ್ರೇಟು ತೋರ್ಸು,” ಅಂದರು.

ಆಯಿ ಎದ್ದು ಸರಿದಳು. ಸ್ಟಿಕರಿನ ಮೇಲೆ ಮೀನಿನ ಹೊಪ್ಪಳೆ ಮೆತ್ತಿತ್ತು, ಅರ್ಧಕ್ಕೆ ರಕ್ತ. ಮಾವಶಿ ಸೆರಗಿನಿಂದ ಒರೆಸಿದರು. ಚಂದ್ರ. ಅವರು ತಂದದ್ದನ್ನು ನಾನೇ ಒರೆಸಿ ನೋಡಿದೆ. ಚಿಪ್ಪು. ಒದ್ದೆಯಾಗಿ, ಅರ್ಧ ಮುಚ್ಚಿಕೊಂಡಾಗ ಎರಡೂ ಒಂದೇ ನೀಲಿ ಬಳೆ, ಒಳಗೊಂದು ಡೊಂಕು ಗೆರೆ.

“ಇದು ಯಾರ ಕ್ರೇಟು?” ಎಂದು ಮಾವಶಿ ಕೇಳಿದರು.

“ನಿಂದು.”

“ಇಪ್ಪತ್ತು ವರ್ಷ ಆತು ಒಟ್ಟಿಗೆ ಬರೂದು. ಒಂದು ದಿನ ನಾ ನಿನ್ನ ರಾಶಿಗೆ ಕೈ ಹಾಕಿದ್ದು ಇತ್ತಾ? ದೊಡ್ಡ ಬಂಗಡೆ ಕಂಡ್ಕೂಡ್ಲೆ ನಿಂಗೆ ಕಣ್ಣು ಹೋತಾ?”

“ಗೊತ್ತಾಗ್ಲಿಲ್ಲ ಗೋ,” ಅಂದಳು ಆಯಿ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಗೊತ್ತಾಗ್ಲಿಲ್ಲ ಹೇಳಿ ಹೇಳೂದು ಕಳ್ಳಿಯರು.”

ಮೀನು ಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು. ಆಚೆ ಈಚೆ ಮಾರುವವರೂ ಕತ್ತಿ ನಿಲ್ಲಿಸಿದರು. ಉಳಿದ ದೊಡ್ಡ ಬಂಗಡೆಗಳನ್ನು ಆಯಿ ಎರಡೂ ಕೈಯಲ್ಲಿ ಬಾಚಿ ಮುಂದೆ ಹಿಡಿದಳು. ಮಾವಶಿ ಮುಟ್ಟಲಿಲ್ಲ. ಚಂದ್ರನಿದ್ದ ಕ್ರೇಟಿನಲ್ಲಿ ಉಳಿದದ್ದನ್ನೂ ನಮ್ಮ ಹಲಗೆಯ ಮೇಲೆ ಸುರಿದು, ಖಾಲಿ ಕ್ರೇಟು ಎತ್ತಿಕೊಂಡು ಹೋದರು. ಸ್ಟಿಕರ್ ಬಗ್ಗೆ ಆಯಿ ಒಂದೇ ಒಂದು ಮಾತು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ರೇಗಿದೆ. ತಪ್ಪು ನನ್ನದು, ರೇಗಿದ್ದು ಅವಳ ಮೇಲೆ. “ಸ್ಟಿಕರ್ ಕಾಣೂದಿಲ್ಲ ಹೇಳಿ ಅಲ್ಲೇ ಹೇಳೂಕೆ ಆಗ್ತಿರ್ಲಿಲ್ವ ನಿಂಗೆ? ಯಂತಕೆ ಬೈಸ್ಕಂಡೆ?”

ಆಯಿ ಕಾಲು ತೊಳೆಯುತ್ತಿದ್ದಳು. “ಹೇಳಿದ್ರೆ ಎಲ್ಲಾರೂ ಇವತ್ತೇ ಕಿತ್ತು ಒಗೀತಿದ್ರು. ನಿನ್ನ ಪರೀಕ್ಷೆ ಯಾವಾಗ?”

“ಮುಂದಿನ ತಿಂಗಳು.”

“ನೋಡೂಕೆ ಬರ್ತ್ರು ಹೇಳಿದ್ಯಲೆ. ಅಲ್ಲಿವರೆಗೆ ಇರ್ಲಿ.”

ಹೌದು, ಹೇಳಿದ್ದೆ. ಪರೀಕ್ಷಕರು ಬೇಕೆಂದರೆ ಧಕ್ಕೆಗೇ ಬಂದು ನೋಡಬಹುದು, ಸ್ಟಿಕರ್ ಬಳಕೆಯಲ್ಲಿರಬೇಕು ಎಂದು ಸರ್ ನನಗೆ ಹೇಳಿದ್ದರು. ಆಯಿ ಆ ಮಾತು ಹೇಳಿದಾಗ ನನಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಮುಚ್ಚಿಟ್ಟರೆ ಬರೆಯುವುದರಲ್ಲಿ ಅರ್ಥವಿಲ್ಲ. ನನಗೆ ನಿರಾಳವಾಯಿತು.

ಮರುದಿನ ಸರ್ ಹತ್ತಿರ ಹೋದೆ, ಅಷ್ಟು ಮಾಡಿದೆ. ನಡೆದದ್ದು ಹೇಳಿ, ಬಣ್ಣ ಬೇರೆ ಮಾಡುತ್ತೇನೆ ಎಂದೆ. “ಒಂದ ದಿನದ ಗೊಂದಲಾ ಅದು. ಜನಕ್ಕ ರೂಢಿ ಆಗಬೇಕು. ಈಗ ಬದಲಿಸಿದರ ವರದಿ, ಬೋರ್ಡು, ಫೋಟೊ ಎಲ್ಲಾ ಮತ್ತ ಮಾಡಬೇಕು. ಟೈಮ್ ಎಲ್ಲೈತಿ? ಪರೀಕ್ಷಿ ಮುಗೀಲಿ,” ಅಂದರು. ಅವರ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಶೌಚಾಲಯಕ್ಕೆ ಹೋಗಿ ಅತ್ತೆ. ಅತ್ತು ಬಂದು, ಅವರು ಹೇಳಿದ ಹಾಗೆ, ವರದಿಯ ಮುನ್ನುಡಿಯಲ್ಲಿ ಏಕರೂಪತೆ ಎಂಬ ಪದವನ್ನು ಇನ್ನೆರಡು ಕಡೆ ಸೇರಿಸಿದೆ.

ಆಮೇಲಿನ ದಿನಗಳಲ್ಲಿ ಆಯಿ ಟೆಂಪೋದಲ್ಲಿ ಬರುವುದನ್ನು ಬಿಟ್ಟಳು. ಯಾರೂ ಬರಬೇಡ ಎನ್ನಲಿಲ್ಲವಂತೆ; ಅವಳ ಜಾಗದಲ್ಲಿ ಯಾರದೋ ಐಸ್ ಡಬ್ಬ ಇರುತ್ತಿತ್ತಂತೆ, ಯಾರೂ ಸರಿಸುತ್ತಿರಲಿಲ್ಲವಂತೆ. ಬೈತಖೋಲದಿಂದ ರಿಕ್ಷಾ ಹಿಡಿದು ಬಸ್ ಸ್ಟ್ಯಾಂಡಿಗೆ ಬರುವುದು, ಕಂಡಕ್ಟರನ ಕೈಕಾಲು ಹಿಡಿದು ಕ್ರೇಟು ಏರಿಸುವುದು, ಅಂಕೋಲಾ ತಲುಪುವಾಗ ಒಳ್ಳೆಯ ಗಿರಾಕಿಗಳೆಲ್ಲ ಹೋಗಿಯಾಗಿರುವುದು. ಒಂದು ದಿನ ನಾನು ಕಾಲೇಜಿಗೆ ಹೋಗುವ ಬಸ್ಸೂ ಅವಳು ಬರುವ ಬಸ್ಸೂ ಅಮದಳ್ಳಿಯ ಹತ್ತಿರ ಎದುರಾದವು. ಡ್ರೈವರುಗಳು ನಿಲ್ಲಿಸಿ ಏನೋ ಮಾತಾಡಿಕೊಂಡರು. ಆಯಿ ಹಿಂದಿನ ಬಾಗಿಲ ಹತ್ತಿರ ಕ್ರೇಟನ್ನು ಮೊಣಕಾಲಿನಿಂದ ಒತ್ತಿ ಹಿಡಿದು ನಿಂತಿದ್ದಳು. ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದಿದ್ದರು. ನನ್ನನ್ನು ಕಂಡು ಗಲ್ಲ ಎತ್ತಿ, ತಿಂಡಿ ತಿಂದೆಯಾ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ನನ್ನ ತೊಡೆಯ ಮೇಲೆ ಹತ್ತು ನೀಲಿ ವೃತ್ತಗಳ ಬೋರ್ಡು ಇತ್ತು, ಬಟ್ಟೆ ಮುಚ್ಚಿದ್ದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದವರು ಒಬ್ಬ ಮೇಡಂ. ಕೈಮಗ್ಗದ ಸೀರೆ, ಮೆದು ಮಾತು. ಐದು ಕಾಫಿ ಅಂಗಡಿ ನೋಡಿ ಬಳಲಿದ್ದರೋ ಏನೋ, ನನ್ನ ಬೋರ್ಡಿನ ಮುಂದೆ ಬಂದು ನಿಂತವರೇ “ಓಹ್” ಎಂದರು. ಹತ್ತಿರ ಬಾಗಿ ಒಂದೊಂದನ್ನೂ ನೋಡಿದರು. ಒಂದೇ ನೋಟಕ್ಕೆ ಇವೆಲ್ಲ ಒಂದು ಗುಂಪಿನವು ಎಂದು ತಿಳಿಯುತ್ತದೆ, ಇಂಥ ಶಿಸ್ತು ದೊಡ್ಡ ಕಾಲೇಜುಗಳಲ್ಲೂ ಅಪರೂಪ ಎಂದರು. ಸರ್ ಹಿಂದೆ ಕೈಕಟ್ಟಿ ನಿಂತು, ನೆಲ ನೋಡುತ್ತ, ಸಂತೋಷ ನುಂಗಿಕೊಳ್ಳುತ್ತಿದ್ದರು.

“ಬಳಸುವವರು ಏನಂದರು?” ಎಂದು ಮೇಡಂ ಕೇಳಿದರು.

ನಿಜವಾಗಿ ತಿಳಿಯಬೇಕೆಂದೇ ಕೇಳಿದರು, ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದ್ದರೆ ಅವರು ಕೇಳುತ್ತಿದ್ದರು, ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಬಹುಶಃ ಅಂಕ ಕೂಡ ಕೊಡುತ್ತಿದ್ದರು.

“ತುಂಬಾ ಖುಷಿಪಟ್ಟರು ಮೇಡಂ. ಈಗ ಹುಡುಕುವುದು ಸುಲಭವಾಗಿದೆಯಂತೆ.”

ಅವರು ಬರೆದುಕೊಂಡರು. ಧಕ್ಕೆಗೆ ಬರಲಿಲ್ಲ, ಬರಬೇಕೆಂದೂ ಅನ್ನಲಿಲ್ಲ, ಅವರಿಗೆ ರೈಲಿಗೆ ಹೊತ್ತಾಗಿತ್ತು. ಸಂಜೆಯೇ ಅಂಕ ಗೊತ್ತಾಯಿತು. ವಿಭಾಗಕ್ಕೇ ಹೆಚ್ಚು. “ಶಾಣ್ಯಾಕಿ,” ಎಂದು ಸರ್ ಬೆನ್ನು ತಟ್ಟಿದರು. ಆ ಕೈಯನ್ನು ಕೊಡವಿ ಹಾಕಬೇಕು ಅನ್ನಿಸಿತು. “ಥ್ಯಾಂಕ್ಯೂ ಸರ್,” ಎಂದೆ.

ಮರುದಿನ ನಸುಕಿಗೆ ಆಯಿಯ ಜೊತೆ ಬೈತಖೋಲಕ್ಕೆ ಹೋದೆ. ಬೇಡವೆಂದಳು, ಕೇಳಲಿಲ್ಲ. ಹೇಳಿಬಿಡುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ಆಯಿಯ ಮರ್ಯಾದೆ ವಾಪಸು ತರುತ್ತೇನೆ ಎಂದು ದಾರಿಯುದ್ದ ಮಾತು ಜೋಡಿಸಿಕೊಂಡಿದ್ದೆ. ಹರಾಜು ಇನ್ನೂ ಶುರುವಾಗಿರಲಿಲ್ಲ. ಹೆಂಗಸರು ಖಾಲಿ ಕ್ರೇಟುಗಳ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಮಾವಶಿಯ ಮುಂದೆ ನಿಂತು, ದೊಡ್ಡ ದನಿಯಲ್ಲೇ ಹೇಳಿದೆ.

“ಮಾವಶಿ, ಆಯಿದು ತಪ್ಪಿಲ್ಲ. ತಪ್ಪು ನಂದು. ನಾ ಮಾಡಿದ ಸ್ಟಿಕರ್ ಎಲ್ಲಾ ಒಂದೇ ನಮೂನೆ ಕಾಣ್ತದೆ. ಅದಕ್ಕೇ ಅವ್ಳಿಗೆ ಗೊತ್ತಾಗ್ಲಿಲ್ಲ.”

ಮಾವಶಿ ಬಾಯಲ್ಲಿದ್ದದ್ದನ್ನು ಪಕ್ಕಕ್ಕೆ ಉಗುಳಿದರು. “ಅದು ನಮ್ಗೆ ಗೊತ್ತದೆ,” ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಕೂತಿದ್ದ ಕ್ರೇಟಿನಿಂದ ಎದ್ದು ಅದನ್ನು ಮಗುಚಿ ಹಾಕಿದರು. ಹೊರಬದಿಯಲ್ಲಿ ನನ್ನ ಚಂದ್ರ ಹಾಗೆಯೇ ಇದ್ದ. ತಳದ ಒಳಗೆ, ಕೈ ಹೋಗುವ ಜಾಗದಲ್ಲಿ, ಕಿತ್ತಳೆ ಹಗ್ಗ ಗಂಟು ಹಾಕಿತ್ತು. ಪಕ್ಕದವಳದರಲ್ಲೂ ಒಳಗೆ ಒಂದು ಚಿಂದಿ. ಅದರ ಪಕ್ಕದ್ದರಲ್ಲೂ.

“ಆ ದಿನನೇ ಸಂಜೆ ಎಲ್ಲಾರ ಕ್ರೇಟು ತೊಳೂವಾಗ ಗೊತ್ತಾತು. ಇವ್ರೆಲ್ಲ ಕಿತ್ತು ಒಗೀತೆವು ಹೇಳಿದ್ರು. ನಾ ಬ್ಯಾಡ ಹೇಳ್ದೆ. ಹುಡ್ಗಿ ಪರೀಕ್ಷೆ ಆಗೂವರೆಗೆ ಇರ್ಲಿ, ಯಾರಾರೂ ನೋಡೂಕೆ ಬಂದ್ರೆ ಅವ್ಳ ಮುಖ ಸಣ್ಣ ಆಗ್ತದೆ ಹೇಳಿ.”

“ಮತ್ತೆ ಆಯಿ ಹತ್ರ ಯಂತಕೆ ಮಾತಾಡ್ಲಿಲ್ಲ ನೀವು?” ನನ್ನ ದನಿ ಏರಿತು. “ಒಂದು ತಿಂಗಳು ಬಸ್ಸಲ್ಲಿ ಕ್ರೇಟು ಹೊತ್ಲು ಅವ್ಳು. ಕಳ್ಳಿ ಹೇಳಿ ಕರೆದ್ರಿ ಅವ್ಳಿಗೆ.”

“ಕರೆದೆ. ಸಿಟ್ಟಲ್ಲಿ ಕರೆದೆ, ತಪ್ಪೇ. ಅವ್ಳು ಒಂದು ಮಾತು ಹಿಂಗಿಂಗೆ ಹೇಳಿದ್ರೆ ಅಲ್ಲೇ ಕಾಲು ಹಿಡೀತಿದ್ದೆ. ಅವ್ಳು ಹೇಳ್ಲಿಲ್ಲ. ಇವತ್ತು ಹೇಳ್ತ್ಲು, ನಾಳೆ ಹೇಳ್ತ್ಲು ಹೇಳಿ ದಿನಾ ಕಾಯ್ದೆ.” ಮಾವಶಿ ಆಯಿಯ ಕಡೆ ನೋಡಿದರು. ಆಯಿ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದರು. “ಪರೀಕ್ಷೆ ಆತಾ?”

“ಆತು. ನಿನ್ನೆ.”

“ಅದ್ಕೇ ಇವತ್ತು ನಿಂಗೆ ಬಾಯಿ ಬಂತು. ನಿನ್ನ ಆಯಿ ಬಾಯಿ ಮುಚ್ಕಂಡದ್ದು ನಿನ್ನ ಸಲುವಾಗಿ. ನಾವು ಕಾಗ್ದ ಕೀಳದೆ ಇಟ್ಟದ್ದೂ ನಿನ್ನ ಸಲುವಾಗಿ. ನೀ ಯಾರ ಸಲುವಾಗಿ ಮುಚ್ಕಂಡಿದ್ದೆ?”

ಸರ್ ಹೆಸರು ಹೇಳೋಣವೆಂದು ಬಾಯಿ ತೆರೆದೆ, ಮುಚ್ಚಿದೆ. ಕಾಲೇಜು, ಕೆಂಪು ಪೆನ್ನು, ಹಳದಿ ಪರದೆ, ಮೂರು ವರ್ಷ ನಾನು ಬೈದುಕೊಂಡು ತಿರುಗಿದ ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

“ನನ್ನ ಸಲುವಾಗಿ,” ಎಂದೆ.

ಕೂಗುವವನು ಮೊದಲ ರಾಶಿಯ ಹತ್ತಿರ ಬಂದು ನಿಂತಿದ್ದ. ಮಾವಶಿ ಕ್ರೇಟು ಎತ್ತಿಕೊಂಡು, ಆಯಿಯ ಮೊಣಕೈ ಹಿಡಿದು, “ನಡಿ. ಬರೂವಾಗ ಟೆಂಪೋದಲ್ಲೇ ಬಾ, ಜಾಗ ಮಾಡಿಸ್ತೆ,” ಅಂದರು. ಇಬ್ಬರೂ ರಾಶಿಗಳ ಕಡೆ ಹೋದರು. ನಾನು ಬಸ್ಸಿಗೆ ಹೋದೆ.